ಬಡಿಸುವವಳ ತಟ್ಟೆ

ನಾನು ನಡೆದು ಸಣ್ಣಗಾದವಳಲ್ಲ, ಸರೋಜಾ. ಬಾಯಿ ಕಟ್ಟಿಯೂ ಅಲ್ಲ. 2010ರ ಚಳಿಗಾಲದಲ್ಲಿ ಹರ್ನಿಯಾ ಎಂದು ನಿಮಗೆಲ್ಲ ಹೇಳಿ ನಾನು ಆಸ್ಪತ್ರೆ ಸೇರಿದ್ದು, ಹೊಟ್ಟೆಯನ್ನು ಕೋಳಿಮೊಟ್ಟೆಯಷ್ಟು ಚಿಕ್ಕದು ಮಾಡಿಸಿಕೊಳ್ಳಲು. ಕರುಳನ್ನು ತಂದು ಅದಕ್ಕೆ ಜೋಡಿಸಿದರು. ನನ್ನ ಗಂಡನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ. ಐದು ವರ್ಷ —

ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಆದರೂ ಮುಚ್ಚಿಟ್ಟೆನಲ್ಲ, ಈಗ ಹೇಸಿಗೆಯಾಗುವುದು ಅದಕ್ಕೇ. ತಿಂಗಳುಗಟ್ಟಲೆ ಡಯಟಿಷಿಯನ್, ಮನಶ್ಶಾಸ್ತ್ರಜ್ಞೆ, ನರ್ಸು ಎಂದು ಒಬ್ಬೊಬ್ಬರ ಮುಂದೆಯೂ ಕೂತು ಬಂದಿದ್ದೆ. ಇದು ಕಾಯಿಲೆ, ಇದಕ್ಕೊಂದು ಚಿಕಿತ್ಸೆ, ಸುಲಭದ ದಾರಿ ಎಂದುಕೊಳ್ಳಬೇಡಿ ಎಂದು ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದೆ. ಈಗಲೂ ದಿನಾ ಮಾತ್ರೆ ನುಂಗಬೇಕು. ಸಿಹಿ ಸ್ವಲ್ಪ ಹೆಚ್ಚಾದರೆ ಬೆವರು, ಎದೆ ಡವಡವ, ಬಾತ್‌ರೂಮಿಗೆ ಓಟ. ಇಷ್ಟೆಲ್ಲ ಗೊತ್ತಿದ್ದವಳು ನಾನು.

ಹೇಗೆ ಮುಚ್ಚಿಟ್ಟೆ? ಈ ಪರದೇಶಕ್ಕೆ ಬಂದ ಮೇಲೂ ನಮ್ಮಲ್ಲಿ ಬಡಿಸುವವರು ಕೊನೆಗೆ ಉಣ್ಣುವುದು ತಾನೆ. ರಿಚ್ಮಂಡ್ ಹಿಲ್‌ನ ನಿಮ್ಮ ಮನೆ ಪೂಜೆಯಾಗಲಿ, ಎಟೋಬಿಕೋದ ನಮ್ಮ ಮನೆಯದಾಗಲಿ, ಸೆರಗು ಸಿಕ್ಕಿಸಿ ಸಾರಿನ ಪಾತ್ರೆ ಹಿಡಿದು ನಿಂತುಬಿಡುತ್ತಿದ್ದೆ. ಎಲ್ಲರೂ ಕೈ ತೊಳೆದು ಎದ್ದ ಮೇಲೆ ನಾನು ಎರಡು ಚಮಚ ಮೊಸರನ್ನ ತಿಂದರೆ ನೋಡುವವರು ಯಾರು? ಸಾಕ್ಷಾತ್ ಅನ್ನಪೂರ್ಣೆ ಎಂದಿರಿ. ಕೇಳಿ ಉಬ್ಬಿದೆ.

ಮೂರು ವರ್ಷದ ಹಿಂದೆ, ನಮ್ಮ ಮನೆಯ ವರಮಹಾಲಕ್ಷ್ಮಿ ಹಬ್ಬ. ಒಲೆಯ ಮುಂದೆ ಹೋಳಿಗೆ ಬಿಸಿ ಮಾಡುತ್ತಿದ್ದೆ. ನೀವು ಮಂಡಿ ಹಿಡಿದುಕೊಂಡು ಅಡುಗೆಮನೆಗೆ ಬಂದಿರಿ, ಪರ್ಸಿನಿಂದ ಒಂದು ಕಾಗದ ತೆಗೆದಿರಿ. ಇದೇ ಆಪರೇಷನ್ನಿಗೆ ನಿಮ್ಮ ಡಾಕ್ಟರು ಕೊಡಿಸಿದ್ದ ಅಪಾಯಿಂಟ್‌ಮೆಂಟು.

“ಭಾಳ ಅಂಜಿಕಿ ಆಗೇದರಿ ಅಕ್ಕಾರ. ಖರೇ ಹೇಳ್ರಿ, ನೀವೂ ಇದನ್ನ ಮಾಡಿಸ್ಕೊಂಡೀರೇನು? ನೀವು ಹೂಂ ಅಂದ್ರ ನನಗ ಧೈರ್ಯ ಬರ್ತದ.”

ಹೂಂ ಎನ್ನಲು ಬಾಯಿ ತೆರೆದಿದ್ದೆ — ನಂಬಿ ಎಂದು ಕೇಳುವುದಿಲ್ಲ. ಅಷ್ಟರಲ್ಲಿ ತುಪ್ಪ ಕೇಳಿಕೊಂಡು ಇಬ್ಬರು ಗೆಳತಿಯರು ಬಾಗಿಲಲ್ಲಿ ನಿಂತರು. ಅವರಿಗೂ ಕೇಳಿಸಲಿ ಎಂದೇ ದನಿ ಎತ್ತಿದೆ.

“ನಾನ್ಯಾಕ್ರೀ ಹೊಟ್ಟೆ ಕೊಯ್ಸ್ಕೊಳ್ಳಲಿ? ಬಾಯಿ ಕಟ್ಟಿದೆ, ವಾಕಿಂಗ್ ಮಾಡಿದೆ, ಅಷ್ಟೆ. ಅದೆಲ್ಲ ಸೋಮಾರಿಗಳಿಗೆ.”

ಅವರು ನಕ್ಕರು. ನೀವೂ ನಕ್ಕಿರಿ, ಕಾಗದ ಮಡಚಿ ಪರ್ಸಿಗೆ ಹಾಕಿಕೊಂಡಿರಿ. ಆಮೇಲೆ ನಿಮ್ಮ ತಟ್ಟೆಗೆ ಎರಡನೇ ಹೋಳಿಗೆ ಹಾಕಿದವಳೂ ನಾನೇ. ಬೇಡ ಎಂದು ಕೈ ಅಡ್ಡ ಹಿಡಿದಿರಿ. ಬಲವಂತ ಮಾಡಿದೆ, ಒಳ್ಳೆಯ ಗೃಹಿಣಿಯ ಹಾಗೆ.

ಮರುವಾರ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿ ನನಗೇ ಫೋನ್ ಮಾಡಿದಿರಿ, ನಿಮ್ಮ ಜೊತೆ ನಡೆಯುತ್ತೇನೆ ಎಂದು. ಎರಡು ಚಳಿಗಾಲ, ಅಂಗಡಿಗಳು ತೆರೆಯುವ ಮೊದಲು, ಮಾಲಿನೊಳಗೆ ಸುತ್ತಿದೆವು. ನೀವು ಏದುಸಿರು ಬಿಡುತ್ತ ಸಿಕ್ಕ ಸಿಕ್ಕ ಬೆಂಚಿನ ಮೇಲೆ ಕೂರುತ್ತಿದ್ದಿರಿ, ನಾನು ನಿಂತು ಕಾಯುತ್ತಿದ್ದೆ. ಇದನ್ನೂ ಹೇಳಿಬಿಡುತ್ತೇನೆ — ಅಂಗಡಿ ಗಾಜಿನಲ್ಲಿ ನಿಮ್ಮ ಪಕ್ಕ ನಾನು ತೆಳ್ಳಗೆ ಕಾಣುವುದು ನನಗೆ ಹಿತವಾಗಿತ್ತು. ಥೂ. ಬರೆಯುವಾಗಲೇ ಬಾಯಿ ಕಹಿಯಾಗುತ್ತದೆ.

ಕಳೆದ ತಿಂಗಳು ನೀವು ಕೊನೆಗೂ ಆಪರೇಷನ್ನಿನ ಆ ಕ್ಲಿನಿಕ್ಕಿಗೆ ಹೋದಿರಿ. ಹೃದಯ ದುರ್ಬಲವಾಗಿದೆ, ಈಗ ಕೊಯ್ದರೆ ಜೀವಕ್ಕೇ ಅಪಾಯ ಎಂದು ವಾಪಸು ಕಳಿಸಿದರು. ಅದನ್ನು ಹೇಳಿಕೊಳ್ಳಲು ಬಂದದ್ದೂ ನನ್ನ ಹತ್ತಿರವೇ.

“ನಿಮ್ಮಂಗ ಬಾಯಿ ಕಟ್ಟಲಿಕ್ಕೆ ನನ್ ಕಡಿಂದ ಆಗಲಿಲ್ಲರಿ ಅಕ್ಕಾರ. ತಪ್ಪು ನಂದ ಅದ.”

ನಾನು ನಿಮ್ಮ ಕೈ ಹಿಡಿದು ಕೂತೆ. ಆಗಲೂ ಹೇಳಲಿಲ್ಲ. ಸಮಾಧಾನ ಮಾಡುವವಳ ಹಾಗೆ ಬೆನ್ನು ಸವರಿದೆ, ಕಾಫಿ ಮಾಡಿಕೊಟ್ಟೆ. ನನ್ನಂಥವಳನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಭಾನುವಾರ ಊಟಕ್ಕೆ ಕರೆದಿದ್ದೀರಿ, ಆವತ್ತು ತುಪ್ಪ ಕೇಳಿಕೊಂಡು ಬಂದ ಆ ಇಬ್ಬರೂ ಬರುತ್ತಾರೆ. ಈ ಪತ್ರ ಅದಕ್ಕೆ ಮೊದಲೇ ನಿಮ್ಮ ಕೈ ಸೇರುತ್ತದೆ. ಬರಬೇಡಿ ಎಂದರೆ ಬರುವುದಿಲ್ಲ. ಬಂದರೆ ಸೌಟು ಮುಟ್ಟುವುದಿಲ್ಲ, ಎಲ್ಲರ ಜೊತೆ ಮೊದಲ ಪಂಕ್ತಿಗೇ ಕೂರುತ್ತೇನೆ. ನನ್ನ ತಟ್ಟೆಯಲ್ಲಿ ಉಳಿಯುವುದನ್ನು ಅವರು ನೋಡಲಿ, ಯಾಕೆ ಎಂದು ಕೇಳಲಿ. ಆವತ್ತು ಎತ್ತಿದ ಅದೇ ದನಿಯಲ್ಲಿ ಹೇಳುತ್ತೇನೆ, ತಪ್ಪು ಯಾರದು ಎಂಬುದನ್ನೂ.