ಶಲವಡಿಯಲ್ಲಿ ಇಳಿಯದ ತಾಳ

ಎಂಬತ್ತಾರರ ಮುಂಗಾರಿನಲ್ಲಿ, ಮೃಗಶಿರಾ ಮಳೆ ಸುರಿದು ಹೊಳವಾದ ಬೆಳಿಗ್ಗೆ, ನಾನು ಗುಡಗೇರಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದೆ. ಸಂಗಡ ಇಟಲಿಯ ಹಾಡುಗಾರ ಲೂಕಾ ಇದ್ದ. ನಾವು ಹೊರಟದ್ದು ನನ್ನ ಹುಟ್ಟೂರು ಶಲವಡಿಗೆ. ಕೆಲವು ವರ್ಷಗಳ ಹಿಂದೆ ಅಲ್ಲಿ ನನ್ನಿಂದ ಕಲಿತ ಪದವೊಂದನ್ನು ಆ ಊರಿನವರ ಮುಂದೆಯೇ ಹಾಡಬೇಕೆಂದು ಅವನು ಅಷ್ಟು ದೂರದಿಂದ ಬಂದಿದ್ದ. ಆ ಪದದ ಬಗ್ಗೆ ನಾನು ಅವನಿಗೆ ಸುಳ್ಳು ಹೇಳಿದ್ದೆ. ದಾರಿಯಲ್ಲೇ ಒಪ್ಪಿಕೊಂಡುಬಿಡಬೇಕೆಂದು ನಿಶ್ಚಯಿಸಿಯೇ ಮನೆ ಬಿಟ್ಟಿದ್ದೆ.

ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ಅಣ್ಣಿಗೇರಿಯ ಕಡೆ ಹೊರಟೆವು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡೆವು. ನನ್ನ ಇಂಗ್ಲಿಷು ಹೈಸ್ಕೂಲಿನದು, ಅವನದೂ ಅಷ್ಟಕ್ಕಷ್ಟೆ. ಆದರೂ ತನ್ನ ಕಥೆ ಹೇಳಿದ. ಅವನಪ್ಪ ಗೌಂಡಿಯಂತೆ. ಇವನು ಮೀಸೆ ಮೂಡುವ ಮೊದಲೇ ಗಿಟಾರು ಹಿಡಿದು, ತಾನೇ ಕಟ್ಟಿದ ಹಾಡುಗಳನ್ನು ಸೆರೆಯಂಗಡಿಗಳಲ್ಲಿ ಹಾಡಿದ. ಒಂದು ದಿನ ಚರ್ಚಿನಲ್ಲಿ ನಾಲ್ಕು ಶತಮಾನ ಹಿಂದಿನ ಹಾಡೊಂದನ್ನು ಕೇಳಿ ಗಿಟಾರನ್ನು ಮೂಲೆಗಿಟ್ಟ. ಗುಂಡು ಹೊಟ್ಟೆಯ ಲ್ಯೂಟ್ ಎಂಬ ಹಳೆಯ ತಂತಿವಾದ್ಯ ಕಲಿತ. ಹಳೆಯ ಧಾಟಿಗೆ ತನ್ನ ಮಾತು ಹೊಸೆದು ಮೊದಲ ರೆಕಾರ್ಡು ಮಾಡಿದ, ಯಾರೂ ಕೊಳ್ಳಲಿಲ್ಲ. ಇನ್ನೂ ಹಳೆಯದನ್ನು ಹುಡುಕುತ್ತ ಧಾರವಾಡಕ್ಕೆ, ಅಲ್ಲಿಂದ ಶಲವಡಿಯ ನನ್ನ ಭಜನಾ ಮೇಳಕ್ಕೆ ಬಂದಿದ್ದ. ಎರಡನೆಯ ರೆಕಾರ್ಡಿನಲ್ಲಿ ನಮ್ಮ ಪದ ಸೇರಿತು. ಅದರಿಂದಲೇ ಅವನ ಹೆಸರು ಅವರ ದೇಶದಲ್ಲೆಲ್ಲ ಓಡಾಡಿತು.

"ಇದು ಬಹಳ ಪುರಾತನ ಹಾಡು, ಕಟ್ಟಿದವರು ಯಾರೆಂದು ಯಾರಿಗೂ ತಿಳಿಯದು ಎಂದು ಹೇಳಿಯೇ ಶುರು ಮಾಡುತ್ತೇನೆ," ಎಂದ. "ಕೊನೆಯ ನುಡಿ ಕಳೆದುಹೋಗಿದೆ ಎಂದಾಗ ಜನ ಕಣ್ಣು ಒರೆಸಿಕೊಳ್ಳುತ್ತಾರೆ."

ನಾನು ಕಿಟಕಿಯ ಕಡೆ ತಿರುಗಿದೆ. ಆ ಪದ ಕಟ್ಟಿದವಳು ಗಂಗವ್ವ. ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದ, ಕೇರಿಯ ಹೆಣ್ಣುಮಗಳು. ನನಗಿಂತ ಚಿಕ್ಕವಳು. ಬದುವಿನ ಮೇಲೆ ನಿಂತು ಕೇಳಿಯೇ ನಾನು ಕಲಿತದ್ದು:

ಎರಿಯ ಹೊಲದ ಮಣ್ಣ ಕಾಲ ಬಿಡವಲ್ದ
ಕರದ ತವರಿನ ದಾರಿ ಸವಿಯವಲ್ದ

ನಮ್ಮಲ್ಲಿ ಪದದ ಕಡೆಯ ನುಡಿಯಲ್ಲಿ ಕಟ್ಟಿದವರ ಅಂಕಿತ ಬರಬೇಕು. ಅದು ಬರುವ ತನಕ ಮೇಳದವರು ತಾಳ ಇಳಿಸುವುದಿಲ್ಲ. ಗಂಗವ್ವ ತನ್ನ ಹೆಸರನ್ನೇ ಇಟ್ಟಿದ್ದಳು. ಗುಡಿಯ ಮೆಟ್ಟಿಲು ಹತ್ತದವಳ ಹೆಸರನ್ನು ಗುಡಿಯಲ್ಲಿ ಹಾಡುವುದು ಹೇಗೆಂದು ನಾನು ಅದನ್ನು ಕಿತ್ತು ನಮ್ಮ ಗುರುಗಳ ಹೆಸರು ಹಾಕಿದೆ. ನಾವಿಬ್ಬರೇ ಕೂತು ಲೂಕಾನ ಟೇಪು ತಿರುಗುತ್ತಿದ್ದಾಗ ಮಾತ್ರ ಗುರುಗಳ ಹೆಸರು ಬಾಯಿಗೆ ಬರಲಿಲ್ಲ. ಪದ ಬಹಳ ಹಳೆಯದು, ಕಡೆಯ ನುಡಿ ಕಳೆದುಹೋಗಿದೆ ಎಂದುಬಿಟ್ಟೆ. ಹಳೆಯದೆಂದರೆ ಅವನ ಮುಖ ಅರಳುತ್ತಿತ್ತು, ಮುರಿದದ್ದೆಂದರೆ ಇನ್ನಷ್ಟು.

ಹೇಳಬೇಕೆಂದು ತಿರುಗುವಷ್ಟರಲ್ಲಿ ಅಣ್ಣಿಗೇರಿ ಬಂತು. ಸ್ಟೇಶನ್ನಿನ ಹೊರಗೆ ಮಿರ್ಚಿ ಭಜಿ ತಿಂದು ಚಹಾ ಕುಡಿದೆವು. ಹಳ್ಳ ಬಂದು ಬಸ್ಸು ನಿಂತಿತ್ತು. ನಮ್ಮೂರ ಫಕೀರಪ್ಪನ ಚಕ್ಕಡಿ ಸಿಕ್ಕಿತು. ಹಳ್ಳದ ದಂಡೆಯಲ್ಲಿ ಗಾಲಿ ಹೂತಾಗ ಇಳಿದು ನೂಕಿದೆವು. ಲೂಕಾ ಮೊಳಕಾಲತನಕ ಕೆಸರಾದ.

"ಏನ್ರೀ ಗೌಡ್ರ, ಈ ಲೂಕಪ್ಪಗ ತನ್ನ ದೇಶದಾಗ ಕೆಸರು ಸಿಗಲಿಲ್ಲೇನು?" ಎಂದ ಫಕೀರಪ್ಪ.

"ಹಾಡು ಹಾಡಾಕ ಬಂದಾನೋ."

"ಹಾಡ್ಲಿ ಬಿಡ್ರಿ. ಮೊದ್ಲು ಜೋರ್ಲೆ ನೂಕಂತ ಹೇಳ್ರಿ!"

ಹೊತ್ತಿಳಿಯುವ ಮುಂಚೆ ಶಲವಡಿ ಮುಟ್ಟಿದೆವು. ಗುಡಿಯ ಕಟ್ಟೆ ತುಂಬಿತ್ತು. ಗಟಾರದ ಆಚೆ ಬೇವಿನ ಗಿಡದ ಬುಡದಲ್ಲಿ ಕೇರಿಯವರು ನಿಂತಿದ್ದರು. ಅವರಲ್ಲಿ ಗಂಗವ್ವನೂ ಇದ್ದಳು, ತಲೆ ನೆರೆತಿತ್ತು.

ಲೂಕಾ ಹಾಡಿದ. ಚೆನ್ನಾಗಿಯೇ ಹಾಡಿದ. ಅವನ ನಾಲಿಗೆಯಲ್ಲಿ ನಮ್ಮ ಮಾತು ತೊದಲಿದರೂ ಧಾಟಿ ತಪ್ಪಲಿಲ್ಲ. ಮೇಳದವರು ತಾಳ ಹಿಡಿದರು. ತನಗೆ ಗೊತ್ತಿದ್ದಷ್ಟು ಮುಗಿಸಿ ಅವನು ಕೈ ಮುಗಿದ. ತಾಳ ನಿಲ್ಲಲಿಲ್ಲ. ಅವನು ಮತ್ತೊಮ್ಮೆ ಕೈ ಮುಗಿದ. ಯಾರೂ ಏಳಲಿಲ್ಲ, ಯಾರೂ ಶಹಬ್ಬಾಸ್ ಎನ್ನಲಿಲ್ಲ. ತಾಳ ಕುಟ್ಟುತ್ತಲೇ ಇತ್ತು.

"ಅವರಿಗೆ ಮೆಚ್ಚಿಕೆಯಾಗಲಿಲ್ಲವೆ?" ಎಂದು ನನ್ನನ್ನು ಕೇಳಿದ.

ಅಷ್ಟರಲ್ಲಿ ತಾಳದವನೊಬ್ಬ, "ಕಾಕಾ, ಅಂಕಿತ ನೀವ ಹೇಳ್ರಿ, ಕೈ ಸೋತಾವು," ಎಂದು ಕೂಗಿದ.

ನಾನು ಎದ್ದು ನಿಂತೆ. ಗಂಗವ್ವ ಬೇವಿನ ಗಿಡ ಬಿಟ್ಟು ಗಟಾರದ ಅಂಚಿಗೆ ಬಂದಳು. ಅವಳ ಹೆಸರು ನನ್ನ ಗಂಟಲಲ್ಲಿತ್ತು, ದೇವರಾಣೆಗೂ ಇತ್ತು. ಕಟ್ಟೆಯ ಮೇಲಿದ್ದ ನನ್ನ ಅಣ್ಣತಮ್ಮಂದಿರ, ಬೀಗರ ಮುಖಗಳನ್ನು ನೋಡಿದೆ. ಕಡೆಯ ನುಡಿ ಎತ್ತಿದಾಗ ಬಾಯಿಂದ ಬಂದದ್ದು ಗುರುಗಳ ಹೆಸರು. ತಾಳ ಇಳಿಯಿತು. ಜನ ಶಹಬ್ಬಾಸ್ ಎಂದರು.

"ಅಂಕಿತ ಛಲೋ ಬಂತ್ರಿ ಗೌಡ್ರ," ಎಂದಳು ಗಂಗವ್ವ, ಎಲ್ಲರಿಗೂ ಕೇಳುವಂತೆ. "ಪದ ಯಾರದೋ ಏನೋ. ಭಾಳ ಹಳೇದಿರಬೇಕು."

ಸೆರಗು ಕೊಡವಿ ಕೇರಿಯ ಕಡೆ ನಡೆದಳು. ಲೂಕಾ ಬಂದು ನನ್ನನ್ನು ಅಪ್ಪಿಕೊಂಡ. ಅವನ ಟೇಪು ತಿರುಗುತ್ತಲೇ ಇತ್ತು. "ಕಳೆದುಹೋದ ನುಡಿ ಸಿಕ್ಕಿತು!" ಎಂದು ಮಗುವಿನಂತೆ ಕುಣಿದ. ನಾನು ತಡೆಯಲಿಲ್ಲ.

ಮರುದಿನ ಹುಬ್ಬಳ್ಳಿಯಲ್ಲಿ ಅವನು ಮುಂಬಯಿಗೆ ಹೋಗಲು ಬೇರೆ ಗಾಡಿ ಹತ್ತಿದ. ಕಿಟಕಿಯಿಂದ ಕ್ಯಾಸೆಟ್ಟನ್ನು ಎತ್ತಿ ತೋರಿಸುತ್ತ ಹೋದ. ಗಾಡಿ ಕಣ್ಮರೆಯಾಗುವ ತನಕ ನಾನೂ ಕೈ ಬೀಸಿದೆ.

ಗುಡಗೇರಿಗೆ ಬಂದಾಗ ಹೆಂಡತಿ ಹೊಸ್ತಿಲ ಹೊರಗೆ ನೀರಿನ ತಂಬಿಗೆ ಇಟ್ಟಿದ್ದಳು. "ಎಷ್ಟ್ ಕೆಸರ್ರಿ! ಕಾಲ ತೊಳಕೊಂಡ ಒಳಗ ಬರ್ರಿ," ಎಂದಳು. ನನಗೆ ಬಗ್ಗಲಾಗಲಿಲ್ಲ, ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಶಲವಡಿಯ ಎರೆಮಣ್ಣು ಹಿಮ್ಮಡಿಯಲ್ಲಿ ಒಣಗಿ ಬಿರಿದಿತ್ತು.

ಅಂದು ಗುಡಿಯ ಕಟ್ಟೆಯ ಮೇಲೆ ನಾನು ಹಾಡಬೇಕಾಗಿದ್ದ ನುಡಿ ಇದು. ಇದನ್ನು ಓದುವವರಾದರೂ ಪದವನ್ನು ಹೀಗೆಯೇ ಮುಗಿಸಲಿ:

ಗಂಗವ್ವ ಅಂದಾಳ, ಹೊರಗ ನಿಲಬ್ಯಾಡ
ಕಾಲ ತೊಳಕೊಂಡ ಒಳಗ ಬಾರ ತಂಗಿ