ಎರಡನೇ ಸಹಿ

ಪ್ರಜಾಪ್ರಭುತ್ವದ ಸಮಸ್ತ ಭಾರವೂ ಮತದಾರನ ಎಡಗೈ ತೋರುಬೆರಳಿನ ಮೇಲೆ ನಿಂತಿದೆ. ನಮ್ಮ ಎದುರುಮನೆ ಕಂಪೌಂಡರ ವಿಷಯದಲ್ಲಿ ಮಾತ್ರ ಆ ಬೆರಳು ಪ್ರಜಾಪ್ರಭುತ್ವಕ್ಕೆ ತೊಂದರೆಯನ್ನೇ ಕೊಡುತ್ತಿತ್ತು. ಅವರು ಎಡಚರು. ಗಾಯಕ್ಕೆ ಹಚ್ಚುವ ನೇರಳೆ ಔಷಧಿಯಲ್ಲಿ ನಲವತ್ತು ವರ್ಷ ಅದ್ದಿ ಅದ್ದಿ, ಬೆರಳು ಉಗುರಿನಿಂದ ಎರಡನೇ ಗಿಣ್ಣಿನವರೆಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಪ್ರತಿ ಚುನಾವಣೆಯಲ್ಲೂ ಮತಗಟ್ಟೆ ಅಧಿಕಾರಿ ಅದನ್ನು ಹಿಡಿದು ಬೆಳಕಿಗೆ ತಿರುಗಿಸಿ, "ಏನ್ ಸ್ವಾಮಿ, ಆಗ್ಲೇ ಎಲ್ಲೋ ಹಾಕಿ ಬಂದಿದೀರಲ್ಲ?" ಎನ್ನುವುದು, "ಇದೂ ಸರ್ಕಾರದ ಬಣ್ಣವೇ, ಇಲಾಖೆ ಬೇರೆ" ಎಂದು ಇವರು ಹೇಳುವುದು, ಸಾಲಿನಲ್ಲಿ ಹಿಂದೆ ನಿಂತ ನಾನು ಸಾಕ್ಷಿ ನುಡಿಯುವುದು. ಹೀಗೇ ನಡೆದುಬಂದಿತ್ತು.

ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಮೇಲೂ ಹೊಸನಗರದಲ್ಲಿ ಸೈಕಲ್ಲಿನಿಂದ ಬಿದ್ದವರು, ಕತ್ತಿ ತಾಗಿಸಿಕೊಂಡವರು, ಕಚ್ಚಾಡಿದ ನಾಯಿಗಳು ಎಲ್ಲರೂ ಬರುತ್ತಿದ್ದುದು ಅವರ ಜಗಲಿಗೇ. ತೊಳೆಯುವುದು, ಹಚ್ಚುವುದು, ಕಟ್ಟುವುದು ಧರ್ಮಾರ್ಥ. ಆದರೆ ನುಂಗುವ ಔಷಧಿ ಕೇಳಿದರೆ ಒಂದೇ ಪ್ರಶ್ನೆ: "ಚೀಟಿ ಎಲ್ಲಿ?" ಡಾಕ್ಟರ ಚೀಟಿ ಇಲ್ಲದೆ ಅವರು ಯಾರಿಗೂ ಏನನ್ನೂ ಕೊಟ್ಟವರಲ್ಲ. "ಹೊರಗೆ ಹಚ್ಚೋದಕ್ಕೆ ನಾನು, ಒಳಗೆ ಹೋಗೋದಕ್ಕೆ ಡಾಕ್ಟ್ರು" ಎನ್ನುತ್ತಿದ್ದರು.

ನನ್ನ ಕಾಲಿನ ಹುಣ್ಣು ಕೊಳೆತು, ನನ್ನ ಹೆಂಡತಿಯೇ ಸೆರಗು ಮೂಗಿಗೆ ಒತ್ತಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ, ಈ ಮನುಷ್ಯ ಎರಡು ತಿಂಗಳು ದಿನಾ ಬೆಳಿಗ್ಗೆ ಬಂದು, ನೆಲದ ಮೇಲೆ ಕೂತು, ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತೊಳೆದರು. ನಾನು ಸಂಕೋಚಪಟ್ಟರೆ, "ಸುಮ್ನಿರಿ ಮಾರಾಯ್ರೇ, ಕಾಲು ನಿಮ್ಮದಾದ್ರೂ ಹುಣ್ಣು ನಂದು" ಎನ್ನುತ್ತಿದ್ದರು. ಇವತ್ತು ನಾನು ಎರಡು ಕಾಲಿನ ಮೇಲೆ ನಿಂತಿದ್ದೇನೆ. ಎಂಥ ಕಾಲಿನ ಮೇಲೆ ಎಂಬುದನ್ನು ಮುಂದೆ ಹೇಳಬೇಕಾಗಿದೆ.

ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅಕ್ಕನಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಬಂತು. ಔಷಧಿ ಹೋದಷ್ಟೇ ವೇಗವಾಗಿ ವಾಂತಿಯಾಗಿ ಹೊರಗೆ ಬರುತ್ತಿತ್ತು. ಗಂಜಿಯ ವಾಸನೆಗೂ ಹೊಟ್ಟೆ ತೊಳೆಸುತ್ತಿತ್ತು. ಕೆಲವು ದೇಶಗಳಲ್ಲಿ ಇಂಥವರಿಗೆ ಗಾಂಜಾದಿಂದ ಮಾಡಿದ ಔಷಧಿಯನ್ನು ಡಾಕ್ಟರೇ ಬರೆದುಕೊಡುತ್ತಾರೆಂದು, ವಾಂತಿ ನಿಂತು ಎರಡು ತುತ್ತು ಒಳಗೆ ಹೋಗುತ್ತದೆಂದು ಕಂಪೌಂಡರು ಓದಿ ತಿಳಿದುಕೊಂಡರು. ಆ ವಿಷಯ ಅದು ಹೇಗೋ ಶುಂಠಿ ಬೆಳೆಯುವ ಒಬ್ಬ ಪುಣ್ಯಾತ್ಮನ ಕಿವಿಗೂ ಬಿತ್ತು. ಅವನ ಗದ್ದೆಯ ನಡುವೆ ಬರೀ ಶುಂಠಿಯಿಲ್ಲ ಎಂಬುದು ಪೊಲೀಸರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು. ಒಂದು ಮಧ್ಯಾಹ್ನ ಪೇಪರಿನ ಪೊಟ್ಟಣ ತಂದು ಜಗಲಿಯ ಮೇಲಿಟ್ಟ. "ಅಕ್ಕನ ಕೈಯೂಟ ಉಂಡವ್ನು ನಾನು. ಇಟ್ಕಳಿ."

ಕಂಪೌಂಡರು ಪೊಟ್ಟಣವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಚೀಟಿ ಇಲ್ಲ ಕಣಪ್ಪಾ" ಎಂದು ಹಿಂದಕ್ಕೆ ತಳ್ಳಿದರು.

ಒಳಗಿನಿಂದ ಅಕ್ಕ, "ನೀ ತಗಂಡು ಹೋಗೋ ತಮ್ಮಾ. ತಲೆನೋವಿನ ಮಾತ್ರೆನೂ ಚೀಟಿ ಇಲ್ದೆ ಹೆಂಡ್ತಿಗೆ ಕೊಟ್ಟವ್ರಲ್ಲ ಇವ್ರು" ಎಂದರು. ನಗುತ್ತಲೇ ಅಂದರು.

ಹೆಂಡತಿಗಾಗಿ ಕಾನೂನು ಮುರಿಯಲಾರದ ಮನುಷ್ಯ ಕಾನೂನನ್ನೇ ಬದಲಾಯಿಸಲು ಹೊರಟರು. ಚುನಾವಣೆ ಹತ್ತಿರ ಬಂದಿತ್ತು. ಹೊಸನಗರಕ್ಕೆ ಈಗ ಸ್ವಂತ ಕ್ಷೇತ್ರವೆಂಬುದಿಲ್ಲ, ತಾಲ್ಲೂಕನ್ನು ಸಾಗರಕ್ಕೂ ತೀರ್ಥಹಳ್ಳಿಗೂ ಪಾಲು ಮಾಡಿ ಕೊಟ್ಟಿದ್ದಾರೆ. ನಾವು ಸಾಗರದ ಪಾಲು. ಮತ ಕೇಳಲು ಬಂದ ಒಬ್ಬ ಅಭ್ಯರ್ಥಿಯನ್ನು ಕಂಪೌಂಡರು ಅಕ್ಕನ ಮಂಚದ ಪಕ್ಕವೇ ಕೂರಿಸಿ ವಿಷಯ ಹೇಳಿದರು. ಗಾಂಜಾಕ್ಕೆ ಅನುಮತಿ ಬೇಕು; ಡಾಕ್ಟರು ಬರೆದುಕೊಟ್ಟರೆ, ಔಷಧಿಯಾಗಿ ಮಾತ್ರ. ಅಭ್ಯರ್ಥಿಯ ಕಣ್ಣು ನಿಜವಾಗಿಯೂ ಒದ್ದೆಯಾಯಿತು. "ನಿಮ್ಮನ್ನು ಬಿಟ್ಟು ಹತ್ತು ಜನರ ಸಹಿ ಹಾಕಿಸಿ ಒಂದು ಅರ್ಜಿ ಕೊಡಿ. ಗೆದ್ದರೆ ಮೊದಲ ಮಾತೇ ಇದು" ಎಂದರು.

ಅರ್ಜಿ ತಯಾರಾಯಿತು. ಕೆಳಗೆ ಒಂದರಿಂದ ಹತ್ತರವರೆಗೆ ಅಂಕಿ ಹಾಕಿ ಗೆರೆ ಎಳೆದು, ಮೊದಲು ನನ್ನ ಮನೆಗೇ ತಂದರು. ನಾನೋ, ತಾಲ್ಲೂಕು ಕಚೇರಿಯಲ್ಲಿ ಜೀವಮಾನವಿಡೀ ಗುಮಾಸ್ತನಾಗಿದ್ದು, ಯಾವ ಕಡತಕ್ಕೂ ಮೊದಲ ಸಹಿ ಹಾಕದೆ ನಿಷ್ಕಳಂಕನಾಗಿ ನಿವೃತ್ತನಾದವನು. "ಕಂಪೌಂಡ್ರೇ, ಮೊದಲನೇದು ಬೇರೆ ಯಾರಾದ್ರೂ ಹಾಕ್ಲಿ. ಎರಡನೇದು ನಂದು, ಬರೆದಿಟ್ಕೊಳ್ಳಿ" ಎಂದೆ. ಇಡೀ ಬೀದಿಯೂ ಅದನ್ನೇ ಹೇಳಿತು. ಎರಡನೇ ಸಹಿಗೆ ಅಷ್ಟೊಂದು ಗಿರಾಕಿಗಳಿದ್ದ ಅರ್ಜಿ ನಮ್ಮ ತಾಲ್ಲೂಕಿನಲ್ಲಿ ಇನ್ನೊಂದಿರಲಾರದು.

ಅಷ್ಟರಲ್ಲಿ ಎದುರು ಪಕ್ಷದವರಿಗೆ ಸುದ್ದಿ ಮುಟ್ಟಿತು. ಅವರ ಅಭ್ಯರ್ಥಿ ಬಸ್‌ಸ್ಟ್ಯಾಂಡಿನ ಸಭೆಯಲ್ಲಿ, "ಇವರನ್ನು ಗೆಲ್ಲಿಸಿದ್ರೆ ನಿಮ್ಮ ಮಕ್ಕಳ ಪಾಟಿಚೀಲಕ್ಕೆ ಗಾಂಜಾ ಬರ್ತದೆ!" ಎಂದು ಕೂಗಿದರು. ಜನ ಚಪ್ಪಾಳೆ ಹೊಡೆದರು. ಮರುದಿನವೇ ಒದ್ದೆ ಕಣ್ಣಿನ ಅಭ್ಯರ್ಥಿ ಸಾಗರದ ಸಭೆಯಲ್ಲಿ, ಅಂಥ ಮನೆಗೆ ತಾವು ಕಾಲಿಟ್ಟಿದ್ದೇ ಇಲ್ಲ ಎಂದರು. ಅದಕ್ಕೂ ಚಪ್ಪಾಳೆ. ಬಸ್‌ಸ್ಟ್ಯಾಂಡಿನಲ್ಲಿ ನಾನೂ ಇದ್ದೆ. ಪಕ್ಕದವರೆಲ್ಲ ಹೊಡೆಯುವಾಗ ಕೈ ಕಟ್ಟಿ ನಿಲ್ಲುವುದು ಕಷ್ಟ; ಎರಡು ಸಲ ಹೊಡೆದೆ.

ವಿಚಿತ್ರವೆಂದರೆ, ಆ ವಾರವಿಡೀ ಚಪ್ಪಾಳೆ ಹೊಡೆದವರು ಒಬ್ಬೊಬ್ಬರಾಗಿ ಕಂಪೌಂಡರ ಹಿತ್ತಿಲ ಬಾಗಿಲಿಗೆ ಬಂದರು. "ನಮ್ಮಮ್ಮಂಗೂ ಹಿಂಗೇ ಆಗ್ಯದೆ. ಅದು ಎಲ್ಲಾದ್ರೂ ಸಿಗ್ತದಾ? ನಾ ಕೇಳಿದೆ ಅಂತ ಹೇಳ್ಬೇಡಿ." ಕಂಪೌಂಡರು ಯಾರ ಮೇಲೂ ಸಿಟ್ಟಾಗಲಿಲ್ಲ. "ಅದಕ್ಕೇ ಅರ್ಜಿ. ಇಲ್ಲೊಂದು ಸಹಿ ಹಾಕಿ" ಎನ್ನುತ್ತಿದ್ದರು. ಬಂದವರು ಬಂದ ಬಾಗಿಲಿನಲ್ಲೇ ಹೋಗುತ್ತಿದ್ದರು.

ಕೊನೆಗೊಂದು ಸಂಜೆ ಅರ್ಜಿ ಹಿಡಿದು ನಮ್ಮ ಮನೆಗೆ ಬಂದರು. ಮುಖ ಗೆಲುವಾಗಿತ್ತು. "ಮೊದಲನೇದು ಆಯ್ತು ಮಾರಾಯ್ರೇ."

ಒಂದನೇ ಗೆರೆಯ ಮೇಲೆ ಅಕ್ಕನ ಹೆಸರು. ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದಿದ್ದವು. ಕೈ ಹಿಡಿದು ಬರೆಸಲು ಹೋದರೆ ಬೇಡವೆಂದು, ದಿಂಬಿಗೊರಗಿ, ನಡುವೆ ಎರಡು ಸಲ ವಾಂತಿ ಮಾಡಿಕೊಂಡು, ತಾವೇ ಬರೆದರಂತೆ. "ಎದುರುಮನೆಯವ್ರು ಎರಡನೇದು ಹಾಕ್ತೀನಿ ಅಂದಿದಾರಲ್ಲ, ತಗಂಡ್ ಹೋಗಿ" ಎಂದರಂತೆ.

ನಾನು ಜೇಬು ಮುಟ್ಟಿ ನೋಡಿಕೊಂಡೆ. "ಕನ್ನಡಕ ಎಲ್ಲೋ ಇಟ್ಬಿಟ್ಟಿದೀನಿ ಕಂಪೌಂಡ್ರೇ. ನಾಳೆ ಬೆಳಿಗ್ಗೆ ನಾನೇ ಬಂದು ಹಾಕ್ತೀನಿ."

ಕನ್ನಡಕ ನನ್ನ ಹಣೆಯ ಮೇಲೇ ಇತ್ತು. ಅವರು ಅದನ್ನು ನೋಡಿದರು. "ಆಗ್ಲಿ, ನಾಳೆ" ಎಂದರು.

ಮರುದಿನ ಬೆಳಿಗ್ಗೆ ನಾನು ಹೋಗಿದ್ದು ಅಕ್ಕನಿಗೆ ಹೆಗಲು ಕೊಡಲು.

ಮೂರನೇ ದಿನ ಮತದಾನ. ಸೂತಕದಲ್ಲೂ ಕಂಪೌಂಡರು ಬಂದು ಸಾಲಿನಲ್ಲಿ ನಿಂತರು. ನಾನು ಅಭ್ಯಾಸಬಲದಿಂದ ಅವರ ಹಿಂದೆ ಸಾಕ್ಷಿ ಹೇಳಲು ನಿಂತೆ. ಬೇಕಾಗಲಿಲ್ಲ. ತಿಂಗಳುಗಟ್ಟಲೆ ಹೆಂಡತಿಯ ವಾಂತಿ ಬಳಿದು, ಬಟ್ಟೆ ಒಗೆದು, ಯಾರ ಗಾಯವನ್ನೂ ಮುಟ್ಟದೆ, ಬೆರಳು ಬೆಳ್ಳಗಾಗಿತ್ತು. ಅಧಿಕಾರಿ ಒಂದು ಮಾತನ್ನೂ ಕೇಳದೆ ಶಾಯಿ ಹಚ್ಚಿದರು. ಕಂಪೌಂಡರು ಹೊರಗೆ ಬಂದು ಆ ಬೆರಳನ್ನೇ ನೋಡುತ್ತಾ, "ಆ ಪೊಟ್ಟಣ ಇಟ್ಕೊಳ್ಬೇಕಿತ್ತೇನೋ, ಅಲ್ವಾ?" ಎಂದು ನನ್ನನ್ನು ಕೇಳಿದರು.

ಪಾಟಿಚೀಲದ ಮಾತಾಡಿದ ಅಭ್ಯರ್ಥಿ ಗೆದ್ದರು. ಹೋದ ವರ್ಷ ಕಂಪೌಂಡರೂ ತೀರಿಕೊಂಡರು. ಅವರ ಔಷಧಿ ಪೆಟ್ಟಿಗೆಯನ್ನು ನೆಂಟರು ನನಗೆ ಕೊಟ್ಟುಹೋದರು. ಅರ್ಜಿ ಅದರ ತಳದಲ್ಲಿತ್ತು. ಹತ್ತು ಗೆರೆಗಳಿವೆ. ಒಂದು ಸಹಿ ಇದೆ.