ಇಪ್ಪತ್ತೆಂಟು ಇಂಚಿನ ಡ್ರಮ್ಮಿಗೆ ಒಂದು ಹೋತ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಿರಾಳಕೊಪ್ಪದ ಹೊರಗಿನ ಹಟ್ಟಿಯೊಂದರ ಮುಂದೆ ಉಜ್ಜಪ್ಪ ಮಂಡಿಯೂರಿ ಕೂತು, ಸುಣ್ಣದ ನೀರಿನಿಂದ ತೆಗೆದ ಚರ್ಮದ ಕೂದಲು ಹೆರೆಯುತ್ತಿದ್ದಾರೆ. ಕೈ ಒಂದೇ ಸಮನೆ ಓಡುತ್ತಿದೆ, ಮುಖ ಮಾತ್ರ ಸಪ್ಪಗಿದೆ. ಇದು ಸಂತೆಯಿಂದ ತಂದ ಚರ್ಮವಲ್ಲ. ಹೆಂಡತಿ ಗುಡ್ಡಮ್ಮ ಮರಿಯಿಂದ ಸಾಕಿದ ಹೋತನದು. ಆಕೆ ಈ ಕಡೆ ತಿರುಗಿಯೂ ನೋಡದೆ ಕುರಿಗಳನ್ನು ಮೇಯಲು ಬಿಡುತ್ತಿದ್ದಾರೆ.

ಸುತ್ತಿನ ಹಳ್ಳಿಗಳ ಡೊಳ್ಳುಗಳಿಗೆ ಚರ್ಮ ಕಟ್ಟುವುದು ಈ ಮನೆಯ ಕಸುಬು. ಡೊಳ್ಳು ಬಾರಿಸಿದವರ ಹೆಸರು ಊರಿಗೆಲ್ಲ ಗೊತ್ತು, ಕಟ್ಟಿದವರನ್ನು ಕೇಳುವವರಿಲ್ಲ. ಈ ಬೇಸಿಗೆಯಲ್ಲಿ ಊರಿಗೆ ನಾಟಕದ ಕಂಪನಿ ಬಂತು. ಅಲ್ಲಿ ಜಾಜ್ ಎಂದು ಕರೆಯುವ ಡ್ರಮ್ ಸೆಟ್ ಬಾರಿಸುವ ಶಿವಮೂರ್ತಪ್ಪ, ಹಿಂಬದಿಯ ಚರ್ಮ ಹರಿದ ದೊಡ್ಡ ಡ್ರಮ್ಮನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಉಜ್ಜಪ್ಪನವರ ಬಾಗಿಲಿಗೆ ಬಂದರು. ಅದರ ಅಡ್ಡಳತೆ ಇಪ್ಪತ್ತೆಂಟು ಇಂಚು. ಅದರ ಹಿಂದೆ ಕೂತರೆ ಉಜ್ಜಪ್ಪನವರ ರುಮಾಲಷ್ಟೇ ಕಾಣುತ್ತದೆ.

ಮೊದಲ ಸಲ ಕಟ್ಟಿದ್ದು ಕೈಕೊಟ್ಟಿತು. ಡೊಳ್ಳಿನಲ್ಲಿ ಕೋಲು ಬೀಳುವ ಬದಿಗೆ ಹೋತನ ಗಟ್ಟಿ ಚರ್ಮ, ಕೈ ಬೀಳುವ ಬದಿಗೆ ಕುರಿಯ ತೆಳ್ಳನೆ ಚರ್ಮ ಕಟ್ಟುವುದು ಇವರ ರೂಢಿ. "ಕಾಲಿಂದ ಬಾರಿಸ್ತೀವಿ ಅಂದ್ರು. ಕೈಗೆ ಕುರಿ ಚರ್ಮ ಅಂದ ಮ್ಯಾಲೆ ಕಾಲಿಗೂ ಅದೇ ಸಾಕು ಅಂತ ತಿಳ್ಕಂಡೆ" ಎನ್ನುತ್ತಾರೆ ಉಜ್ಜಪ್ಪ. ಕಾಲು ತುಳಿಯುವುದು ಒಂದು ಪಟ್ಟಿಯನ್ನು, ಚರ್ಮಕ್ಕೆ ಬಡಿಯುವುದು ಅದರ ತುದಿಯ ದಪ್ಪ ಬಡಿಗೆ. ಅದನ್ನು ಅವರು ಕಂಡಿರಲಿಲ್ಲ, ಕೇಳಲೂ ಇಲ್ಲ.

ಯುದ್ಧದ ದೃಶ್ಯದ ನಡುವೆ ಚರ್ಮ ಹರಿಯಿತು. ಟೆಂಟಿಗೆ ಟೆಂಟೇ ನಕ್ಕಿತು. ಸುದ್ದಿ ಹಬ್ಬಿ, ಕಟ್ಟಲು ಕೊಟ್ಟಿದ್ದ ಡೊಳ್ಳುಗಳನ್ನು ಜನ ವಾಪಸ್ ಒಯ್ದರು. ಕಂಪನಿಯ ಯಜಮಾನರಂತೂ ಆ ಡ್ರಮ್ಮನ್ನೇ ಎಸೆಯಿರಿ ಎಂದರು. ಇನ್ನೊಂದು ಸಲ ನೋಡೋಣ ಎಂದು ಒಪ್ಪಿಸಿದವರು ಶಿವಮೂರ್ತಪ್ಪ. ಇದೂ ಹರಿದರೆ ಉಜ್ಜಪ್ಪನವರ ಕಸುಬು ಅಲ್ಲಿಗೆ ಮುಗಿಯಿತು.

"ಪ್ಯಾಟಿ ಕಡೆ ಜಾಜಿನೋರು ಇಪ್ಪತ್ತೆರಡು, ಇಪ್ಪತ್ತು ಇಂಚಿಗೆ ಇಳಿದಾರ್ರಿ. ಹದಿನೆಂಟರದ್ದೂ ಬಂದೈತಂತೆ" ಎನ್ನುತ್ತಾರೆ ಶಿವಮೂರ್ತಪ್ಪ. "ಅವು ಚೆಂದಾನೇ ನುಡೀತಾವೆ. ಆದ್ರೆ ನಮ್ಮ ಟೆಂಟಿನಾಗೆ ಕಟ್ಟಕಡೆ ಸಾಲಿಗೆ ಮುಟ್ಟೋದು ಈ ದೊಡ್ಡದೇ."

ಆ ಅಗಲಕ್ಕೆ, ಅಂಚಿನ ಬಳೆಗೆ ಸುತ್ತಿ ಮಡಿಸಲು ಬೇಕಾದ್ದೂ ಸೇರಿ, ಸಾಮಾನ್ಯ ಹೋತನ ಚರ್ಮ ಸಾಲದು. ಉಜ್ಜಪ್ಪ ಅಳತೆಯ ಹಗ್ಗ ಹಿಡಿದು ಹಟ್ಟಿ ಹಟ್ಟಿ ತಿರುಗಿದರು. ನಿಂತ ಹೋತಗಳ ಬೆನ್ನ ಮೇಲೆ ಹಗ್ಗ ಹಾಕಿ ನೋಡಿದರು. "ಏನ್ ಉಜ್ಜಪ್ಪಣ್ಣ, ಹೋತಕ್ಕೆ ಅಂಗಿ ಹೊಲಿಸ್ತೀಯೇನು?" ಎಂದು ಕುರಿಗಾರರು ಕಾಲೆಳೆದರು. ಎಲ್ಲೂ ಅಳತೆ ಕೂಡಲಿಲ್ಲ. ಕೂಡುವಂಥದ್ದು ಇದ್ದದ್ದು ಅವರ ಹಟ್ಟಿಯಲ್ಲೇ.

"ಬಾಯೇ ಬಿಡ್ಲಿಲ್ರಿ ಅವರು" ಎನ್ನುತ್ತಾರೆ ಗುಡ್ಡಮ್ಮ. "ಹಗ್ಗ ಹಿಡ್ಕಂಡು ಬರೋರು, ಅದರ ಮುಂದೆ ನಿಂತು ಹೊಳ್ಳಿ ಹೋಗೋರು. ಕಡೀಗೆ ನಾನೇ ಅಂದೆ, ಅಳತಿ ಹಿಡೀರಿ ಅಂತ." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಈ ಸಲ ಉಜ್ಜಪ್ಪ ಮೊದಲು ಶಿವಮೂರ್ತಪ್ಪನವರ ಪಕ್ಕದಲ್ಲಿ ಕೂತು ಬಡಿಗೆ ಎಲ್ಲಿ ಬೀಳುತ್ತದೆಂದು ನೋಡುತ್ತಾರೆ. ಆಮೇಲೆ ಹಸಿ ಚರ್ಮವನ್ನು ಬಳೆಗೆ ಸುತ್ತಿ, ನೆರಳಿನಲ್ಲಿ ಒಣಗಿಸಿ, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾರೆ. ಅಷ್ಟರಲ್ಲಿ ಕಂಪನಿ ಸೊರಬಕ್ಕೆ ಹೋಗಿರುತ್ತದೆ. ಡ್ರಮ್ಮು ಬಸ್ಸಿನ ಮೇಲೆ, ಉಜ್ಜಪ್ಪ ಒಳಗೆ. ಗುಡ್ಡಮ್ಮ ಜೊತೆಗೆ ಹೋಗುವುದಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಉಜ್ಜಪ್ಪ ಹಿಂತಿರುಗುತ್ತಾರೆ. ಯುದ್ಧದ ದೃಶ್ಯ ಮುಗಿದಿದೆ, ಚರ್ಮ ಹರಿದಿಲ್ಲ. ಇನ್ನೇನು ಆಸೆ ಇದೆ ಎಂದು ನಾವು ಕೇಳಿದರೆ ತಲೆ ತಗ್ಗಿಸುತ್ತಾರೆ. "ಮುಂದಿನ ವರ್ಷ ಪ್ಯಾಟಿಯಿಂದ ಸಣ್ಣ ಡ್ರಮ್ಮೇ ತರ್ಲಿ ಬಿಡ್ರಿ. ನನ್ನ ಕೆಲಸ ಹೋದ್ರೂ ಹೋಗ್ಲಿ, ಇನ್ನೊಂದು ಹೋತ ಹೋಗೋದು ಬ್ಯಾಡ."

ಗುಡ್ಡಮ್ಮ ಚೊಂಬಿನಲ್ಲಿ ನೀರು ತಂದು ಕೊಡುತ್ತಾರೆ. "ಎಲ್ಲೀ ತನಕ ಕೇಳಿಸ್ತು?"

"ಟೆಂಟ್ ದಾಟಿ, ಕೆರೆ ಏರಿ ತನಕ."

ಆಕೆ ಖಾಲಿ ಚೊಂಬು ಈಸಿಕೊಳ್ಳುತ್ತಾರೆ. ಆಮೇಲೆ ನಮ್ಮ ಕಡೆ ತಿರುಗಿ ಹೇಳುತ್ತಾರೆ: "ಹೋತ ಇದ್ದಾಗ್ಲೂ ಹಂಗೇ ರೀ. ಅದು ಕೂಗಿದ್ರೆ ಅಷ್ಟು ದೂರ ಕೇಳೋದು."